ಯಾವ ಮಹದೇವಮ್ಮ? ಮತಗಟ್ಟೆಯಲ್ಲಿ ಗುರುತು ಹಿಡಿಯುವ ಕಥೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮತದಾರರ ಪಟ್ಟಿಗಳನ್ನು ತಿರುವಿದರೆ ಕೆಲವು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಮಹದೇವ, ಮಾದೇಶ, ಮಾದಪ್ಪ, ಮಹದೇವಮ್ಮ, ಮಾದಮ್ಮ. ಬಿಳಿಗಿರಿರಂಗನ ಬೆಟ್ಟದ ಬುಡಕ್ಕೆ ಹೋದರೆ ರಂಗಸ್ವಾಮಿ, ರಂಗಮ್ಮ. ಚಿಕ್ಕಲ್ಲೂರಿನ ಕಡೆ ಸಿದ್ದಪ್ಪ, ಸಿದ್ದಮ್ಮ, ಸಿದ್ದರಾಜು. ಮನೆದೇವರ ಹೆಸರನ್ನು ಮಗುವಿಗೆ ಇಡುವುದು ಇಲ್ಲಿನ ವಾಡಿಕೆ. ಊರೊಳಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಮೇಗಲಕೇರಿ ಮಹದೇವಮ್ಮ ಎಂದರೆ ಯಾರು, ಅರಳಿಮರದ ಹತ್ತಿರದ ಮಹದೇವಮ್ಮ ಎಂದರೆ ಯಾರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಚುನಾವಣೆಯ ದಿನ ಊರಿನ ಶಾಲೆಯಲ್ಲಿ ಮೇಜು ಹಾಕಿಕೊಂಡು ಕೂರುವ ಸಿಬ್ಬಂದಿ ಹೊರಗಿನಿಂದ ಬಂದವರು. ಅವರಿಗೆ ಕೇರಿಯೂ ಗೊತ್ತಿಲ್ಲ, ಅರಳಿಮರವೂ ಗೊತ್ತಿಲ್ಲ. ಎದುರಿಗೆ ನಿಂತಿರುವಾಕೆ ಯಾವ ಮಹದೇವಮ್ಮ ಎಂದು ಅವರು ತಿಳಿಯುವುದು ಹೇಗೆ?

ಕೇಳಲು ಸಣ್ಣ ಪ್ರಶ್ನೆ. ಆದರೆ ಗಣರಾಜ್ಯದ ಮೊದಲ ಚುನಾವಣೆಯಿಂದ ಇಂದಿನವರೆಗೆ ಚುನಾವಣಾ ವ್ಯವಸ್ಥೆಯನ್ನು ಕಾಡುತ್ತಾ ಬಂದಿರುವ ಪ್ರಶ್ನೆ ಇದು. ಮೊದಲು ಊರವರ ಕಣ್ಣು ಅದಕ್ಕೆ ಉತ್ತರವಾಗಿತ್ತು. ಆಮೇಲೆ ಬೆರಳಿನ ಮಸಿ ಬಂತು. ನಂತರ ಭಾವಚಿತ್ರವಿರುವ ಚೀಟಿ ಬಂತು. ಈ ಬದಲಾವಣೆಯ ಕಥೆಯಲ್ಲಿ ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ತಮ್ಮದೇ ಆದ ಪಾಲಿದೆ. ಒಂದೇ ಒಂದು ಮತದಿಂದ ಶಾಸಕ ಸ್ಥಾನ ಕೈತಪ್ಪಿದ ಸೀಮೆಯಿದು. ಯಾರು ಮತ ಹಾಕಿದರು, ಯಾರು ಬರಿಗೈಲಿ ಹಿಂದಿರುಗಿದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವ ವಿಷಯ.

ಎರಡು ರಾಜ್ಯಗಳ ಮತದಾರರು

ಇಂದು ಒಂದೇ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಮತ್ತು ಯಳಂದೂರು ಮೊದಲ ಮಹಾಚುನಾವಣೆಯ ಕಾಲಕ್ಕೆ ಒಂದೇ ರಾಜ್ಯದಲ್ಲಿ ಇರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಸೀಮೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು. ಇಂದಿನ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ 1951-52ರ ಚುನಾವಣೆಯಲ್ಲಿ ಯಳಂದೂರಿನವರು ಮೈಸೂರು ವಿಧಾನಸಭೆಗೆ ಮತ ಹಾಕಿದರೆ, ನೆರೆಯ ಕೊಳ್ಳೇಗಾಲದವರು ಮದ್ರಾಸ್ ವಿಧಾನಸಭೆಗೆ ಹಾಕಿದರು. 1957ರಲ್ಲಷ್ಟೇ ಇಬ್ಬರೂ ಒಂದೇ ರಾಜ್ಯದ ಮತದಾರರಾದರು.

ಸ್ವಾತಂತ್ರ್ಯಕ್ಕೆ ಮುಂಚೆ ಮತದಾರರ ಗುರುತು ಅಷ್ಟು ದೊಡ್ಡ ಸಮಸ್ಯೆಯೇ ಆಗಿರಲಿಲ್ಲ. ಏಕೆಂದರೆ ಮತದಾರರೇ ಕಡಿಮೆ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ಮೊದಲು ನಾಮಕರಣವಿತ್ತು. 1890ರ ದಶಕದ ಆರಂಭದಲ್ಲಿ ಚುನಾವಣೆ ಬಂದರೂ ನಿಗದಿತ ಕಂದಾಯ ಕಟ್ಟುವ ಜಮೀನುದಾರರು, ಓದಿದವರು ಮುಂತಾದ ಕೆಲವರಿಗೆ ಮಾತ್ರ ಅದರಲ್ಲಿ ಪಾಲು. ಮದ್ರಾಸ್ ಪ್ರಾಂತ್ಯದಲ್ಲೂ ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳ ಮೇಲೆ ನಿಂತಿತ್ತು. 1921ರಲ್ಲಿ ಅಲ್ಲಿ ಮಹಿಳೆಯರಿಗೂ ಮತದ ಹಕ್ಕು ದೊರೆತರೂ ಈ ಕಟ್ಟುಪಾಡು ಅವರಿಗೂ ಅನ್ವಯಿಸುತ್ತಿತ್ತು. ಕಂದಾಯ ಕಟ್ಟುವವನ ಹೆಸರು ಶ್ಯಾನುಭೋಗರ ಲೆಕ್ಕದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಗುರುತಿಗೆ ಅದೇ ಆಧಾರ. ಪುಸ್ತಕದಲ್ಲಿ ಹೆಸರಿಲ್ಲದ ಕೂಲಿಯವನಿಗೆ, ಕಾಡಿನ ಸೋಲಿಗನಿಗೆ ಗುರುತೂ ಬೇಕಿರಲಿಲ್ಲ, ಮತವೂ ಇರಲಿಲ್ಲ.

ಸಂವಿಧಾನ ಈ ಲೆಕ್ಕವನ್ನು ತಲೆಕೆಳಗು ಮಾಡಿತು. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಎಂದಾಗ ದೇಶದ ಮತದಾರರ ಸಂಖ್ಯೆ ಒಮ್ಮೆಲೇ 17 ಕೋಟಿ ದಾಟಿತು. ಅವರಲ್ಲಿ ಹೆಚ್ಚಿನವರು ಅಕ್ಷರ ಬಾರದವರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರಿಗೆ ಎದುರಾದ ಮೊದಲ ತೊಡಕು ಮತಗಟ್ಟೆಯದಲ್ಲ, ಪಟ್ಟಿಯದು. ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ಪರರ ಮುಂದೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲಾಗದು ಎಂದು ಆಯೋಗ ಪಟ್ಟುಹಿಡಿಯಿತು. ಹೀಗೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮತಗಟ್ಟೆಯ ಬಾಗಿಲಿಗೆ ಬರುವ ಮೊದಲೇ ಮತ ಕಳೆದುಹೋಗಬಹುದು ಎಂಬ ಪಾಠವನ್ನು ಮೊದಲ ಚುನಾವಣೆಯೇ ಕಲಿಸಿತು.

ಊರಿನ ಕಣ್ಣೇ ಸಾಕ್ಷಿ

ಆಗ ಮತಗಟ್ಟೆಯೊಳಗಿನ ವ್ಯವಸ್ಥೆ ಸರಳವಾಗಿತ್ತು. ಮತದಾರ ತನ್ನ ಹೆಸರು ಹೇಳುತ್ತಾನೆ. ಗುಮಾಸ್ತ ಪಟ್ಟಿಯಲ್ಲಿ ಹುಡುಕಿ ಆ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ. ಅಭ್ಯರ್ಥಿಗಳ ಏಜೆಂಟರು ಕೇಳಿಸಿಕೊಳ್ಳುತ್ತಾರೆ. ಯಾರೂ ಚಕಾರವೆತ್ತದಿದ್ದರೆ ಬೆರಳಿಗೆ ಶಾಯಿ, ಕೈಗೆ ಮತಪತ್ರ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಚೀಟಿ ಎಲ್ಲಿ ಎಂದು ಕೇಳುವವರಿಲ್ಲ.

ಗುರುತಿಸುವ ಕೆಲಸ ಊರಿನವರದ್ದೇ. ಮೈಸೂರು ಸೀಮೆಯಲ್ಲಿ ಪಟೇಲ, ಶ್ಯಾನುಭೋಗ, ತಳವಾರ; ಕೊಳ್ಳೇಗಾಲದ ಕಡೆ ಮದ್ರಾಸ್ ಪದ್ಧತಿಯ ಮಣಿಯಗಾರ, ಕರಣಂ. ಊರಿನ ಪ್ರತಿ ಮನೆಯೂ ಇವರಿಗೆ ಗೊತ್ತು. ಮತದಾರರನ್ನು ಗುರುತಿಸಲು ನೆರವಾಗುವವರನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿ ನೇಮಿಸಿಕೊಳ್ಳಬಹುದೆಂದು 1961ರ ಚುನಾವಣಾ ನಿಯಮಗಳು ಹೇಳುತ್ತವೆ.

ಅದೇ ನಿಯಮಗಳಲ್ಲಿ ಇನ್ನೊಂದು ಕುತೂಹಲಕರ ಅಂಶವಿದೆ. ಎದುರಿಗಿರುವ ವ್ಯಕ್ತಿ ಪಟ್ಟಿಯಲ್ಲಿರುವ ವ್ಯಕ್ತಿಯಲ್ಲ ಎಂದು ಏಜೆಂಟನಿಗೆ ಅನ್ನಿಸಿದರೆ ಆತ 2 ರೂಪಾಯಿ ಠೇವಣಿ ಕಟ್ಟಿ ಆಕ್ಷೇಪ ಎತ್ತಬಹುದು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ನಡೆಸುತ್ತಾರೆ. ಆಕ್ಷೇಪ ಸಾಬೀತಾಗದಿದ್ದರೆ ಮತದಾರನಿಗೆ ಮತ ಹಾಕಲು ಬಿಡುತ್ತಾರೆ. ಬೇಕೆಂದೇ ಕಿರುಕುಳ ಕೊಡಲು ಎತ್ತಿದ ಆಕ್ಷೇಪವಾದರೆ ಠೇವಣಿ ಸರ್ಕಾರಕ್ಕೆ. ಸಾಬೀತಾದರೆ ಕಳ್ಳ ಮತಕ್ಕೆ ಬಂದವನು ಪೊಲೀಸರ ವಶಕ್ಕೆ. ಬೇರೆಯವರ ಹೆಸರಿನಲ್ಲಿ ಮತ ಹಾಕುವ ಅಪರಾಧಕ್ಕೆ ಒಂದು ವರ್ಷದವರೆಗೆ ಸಜೆಯಾಗಬಹುದು.

ಊರಿನ ಕಣ್ಣನ್ನು ನಂಬಿದ ಈ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಕಾಗದವಿಲ್ಲದ ಬಡವನನ್ನು ಯಾರೂ ವಾಪಸು ಕಳಿಸುತ್ತಿರಲಿಲ್ಲ ಎಂಬುದು ಒಳ್ಳೆಯದು. ಆದರೆ ಗುರುತಿಸುವ ಅಧಿಕಾರ ಊರಿನ ಬಲಿಷ್ಠರ ಕೈಯಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ. ಹೊಲೆಗೇರಿಯಿಂದ, ಹಾಡಿಯಿಂದ ಬಂದವನು ತನ್ನ ಹೆಸರು ತಾನೇ ಹೇಳಿದರೆ ಸಾಲದು. ಹೌದು, ಇವನು ಅವನೇ ಎಂದು ಮೇಲಿನ ಕೇರಿಯ ಗೌಡ ತಲೆಯಾಡಿಸಬೇಕು. ಹಾಗೆ ತಲೆಯಾಡಿಸುವವನಿಗೆ ಮತ ಹಾಕುವವನ ಮೇಲೆ ಹಂಗು ಇದ್ದೇ ಇರುತ್ತದೆ.

ಈ ವ್ಯವಸ್ಥೆಯ ಒಂದು ಕಂಬ 1963ರಲ್ಲಿ ಬಿತ್ತು. ವಂಶಪಾರಂಪರ್ಯದ ಗ್ರಾಮ ಅಧಿಕಾರಗಳನ್ನು ರದ್ದುಪಡಿಸುವ 1961ರ ಕಾಯ್ದೆ ಆ ವರ್ಷದ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶ್ಯಾನುಭೋಗಿಕೆಗಳು ಹೋದವು. ವರ್ಗಾವಣೆಯಾಗಿ ಬಂದು ಹೋಗುವ ಗ್ರಾಮ ಲೆಕ್ಕಿಗರು ಬಂದರು. ಊರಿನ ಪ್ರತಿ ಮುಖವನ್ನೂ ಬಲ್ಲ ಸರ್ಕಾರಿ ಮನುಷ್ಯ ಇಲ್ಲವಾದ ಮೇಲೆ ಮುಖವನ್ನೇ ಕಾಗದದ ಮೇಲೆ ತರುವ ಅಗತ್ಯ ಹೆಚ್ಚುತ್ತಾ ಹೋಯಿತು.

ಮೈಸೂರಿನ ಮಸಿ

ಅದಕ್ಕೆ ಮುನ್ನ ಕೆಲಸಕ್ಕೆ ಬಂದದ್ದು ಮಸಿ. ಬೆರಳಿನ ಗುರುತು ಮತದಾರ ಯಾರು ಎಂಬುದನ್ನು ಹೇಳುವುದಿಲ್ಲ. ಈತ ಈಗಾಗಲೇ ಮತ ಹಾಕಿಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಒಬ್ಬನೇ ಹತ್ತು ಹೆಸರಿನಲ್ಲಿ ಹತ್ತು ಮತ ಹಾಕುವುದನ್ನು ತಡೆಯಲು ಅಷ್ಟು ಸಾಕು. ಬೆಳ್ಳಿಯ ನೈಟ್ರೇಟ್ ಬೆರೆತ ಈ ಶಾಯಿ ಬಿಸಿಲು ತಾಗಿದೊಡನೆ ಕಪ್ಪಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸೋಪು, ಎಣ್ಣೆ ಯಾವುದಕ್ಕೂ ಬಗ್ಗುವುದಿಲ್ಲ.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಈ ಶಾಯಿಯನ್ನು 1962ರ ಮೂರನೇ ಮಹಾಚುನಾವಣೆಯಿಂದ ಇಡೀ ದೇಶಕ್ಕೆ ಒದಗಿಸುತ್ತಾ ಬಂದಿರುವುದು ನಮ್ಮ ನೆರೆಯ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಕಾಶ್ಮೀರದ ಮತದಾರನ ಎಡಗೈ ತೋರುಬೆರಳಿಗೆ ತಾಗುವ ಮಸಿಯೂ ಇಲ್ಲಿನದೇ.

ಫೋಟೊ ಬೇಡವೆಂದ ಕಲ್ಕತ್ತ, ಬೇಕೆಂದ ಶೇಷನ್

ಭಾವಚಿತ್ರವಿರುವ ಚೀಟಿ ಶೇಷನ್ ಅವರ ತಲೆಯಲ್ಲಿ ಹುಟ್ಟಿದ್ದು ಎಂದು ಹಲವರು ತಿಳಿದಿದ್ದಾರೆ. ಅದರ ಬೇರು ಇನ್ನೂ ಮೂರು ದಶಕ ಹಿಂದಿದೆ. ಗುರುತಿನ ಚೀಟಿಗೆ ಕಾನೂನಿನ ಅವಕಾಶ 1950ರ ದಶಕದ ಕೊನೆಯಲ್ಲೇ ಸಿಕ್ಕಿತ್ತು. 1960ರಲ್ಲಿ ಕಲ್ಕತ್ತ ನೈಋತ್ಯ ಲೋಕಸಭಾ ಕ್ಷೇತ್ರದಲ್ಲಿ ಪ್ರಯೋಗ ನಡೆಯಿತು. ಮೂರೂವರೆ ಲಕ್ಷದ ಸಮೀಪವಿದ್ದ ಮತದಾರರ ಪೈಕಿ ಚೀಟಿ ಸಿಕ್ಕಿದ್ದು ಎರಡು ಲಕ್ಷಕ್ಕೆ ಸ್ವಲ್ಪ ಹೆಚ್ಚು ಮಂದಿಗೆ ಮಾತ್ರ. ಬಹಳಷ್ಟು ಮಹಿಳೆಯರು ಫೋಟೊ ತೆಗೆಸಿಕೊಳ್ಳಲು ಒಪ್ಪಲಿಲ್ಲ. ಛಾಯಾಗ್ರಾಹಕರು ಬಂದಾಗ ಮನೆಯಲ್ಲಿ ಇಲ್ಲದವರೂ ಅನೇಕರು. ಖರ್ಚು, ಶ್ರಮ ಎರಡನ್ನೂ ನೋಡಿ ಆಯೋಗ ಕೈಬಿಟ್ಟಿತು. 1979ರಲ್ಲಿ ಪುಟ್ಟ ರಾಜ್ಯ ಸಿಕ್ಕಿಂನ ವಿಧಾನಸಭಾ ಚುನಾವಣೆಯಲ್ಲಿ ಅದು ಮತ್ತೆ ತಲೆಯೆತ್ತಿತು.

1990ರ ಡಿಸೆಂಬರಿನಲ್ಲಿ ಮುಖ್ಯ ಚುನಾವಣಾ ಆಯುಕ್ತರಾದ ಟಿ.ಎನ್. ಶೇಷನ್ 1993ರ ಆಗಸ್ಟ್ 28ರಂದು ದೇಶದ ಎಲ್ಲ ಮತದಾರರಿಗೂ ಭಾವಚಿತ್ರದ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿದರು. ಚೀಟಿ ಕೊಡದ ರಾಜ್ಯಗಳಲ್ಲಿ 1995ರ ಜನವರಿ 1ರ ನಂತರ ಚುನಾವಣೆಯನ್ನೇ ನಡೆಸುವುದಿಲ್ಲ ಎಂದು ಗುಡುಗಿದರು. ಹಣವಿಲ್ಲ, ಸಮಯವಿಲ್ಲ ಎಂದು ರಾಜ್ಯ ಸರ್ಕಾರಗಳು ಗೋಳಾಡಿದವು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ಚೀಟಿ ಇಲ್ಲವೆಂಬ ಕಾರಣಕ್ಕೆ ಚುನಾವಣೆ ನಿಲ್ಲಲಿಲ್ಲ. ಆದರೆ ಚೀಟಿಯ ಕೆಲಸವೂ ನಿಲ್ಲಲಿಲ್ಲ.

ಮೊದಲ ಚೀಟಿಗಳು ಕಪ್ಪುಬಿಳುಪಿನವು. ಮುಖಕ್ಕಿಂತ ನೆರಳೇ ಹೆಚ್ಚು ಕಾಣುವ ಚಿತ್ರ, ತಪ್ಪು ಅಚ್ಚಾದ ಹೆಸರು, ಅಪ್ಪನ ಜಾಗದಲ್ಲಿ ಗಂಡ ಎಂಬಂಥ ಎಡವಟ್ಟುಗಳು ಅಂದಿನ ನಗೆಹನಿಗಳಿಗೆ ಸರಕಾಗಿದ್ದವು. ಆದರೂ ಜನ ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟರು. ಅನೇಕರಿಗೆ ತಮ್ಮ ಮುಖವಿರುವ ಮೊದಲ ಸರ್ಕಾರಿ ಕಾಗದ ಅದೇ.

ಹನೂರಿನ ಕಾಡಂಚಿನ ಊರುಗಳಲ್ಲಿ ಗುರುತಿನ ಚೀಟಿಗೆ ಇನ್ನೂ ಒಂದು ಅರ್ಥವಿತ್ತು. 1990ರ ದಶಕದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳು ವೀರಪ್ಪನ್ ಮತ್ತು ಅವನನ್ನು ಹುಡುಕುತ್ತಿದ್ದ ಕಾರ್ಯಪಡೆಗಳ ನಡುವೆ ಸಿಕ್ಕಿಕೊಂಡಿದ್ದವು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ವೀರಪ್ಪನ್ ಅಪಹರಿಸಿದ್ದು 2002ರ ಆಗಸ್ಟಿನಲ್ಲಿ. ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. ನೀನು ಯಾರು, ಯಾವ ಊರು ಎಂಬ ಪ್ರಶ್ನೆಯೇ ಎದೆ ನಡುಗಿಸುವಂತಿದ್ದ ಆ ದಿನಗಳಲ್ಲಿ, ಈ ಪ್ರಶ್ನೆಗೆ ಉತ್ತರವಾಗಿ ತೋರಿಸಬಹುದಾದ ಒಂದು ಕಾಗದ ಮತದಾನದ ದಿನಕ್ಕೆ ಮಾತ್ರ ಬೇಕಾದದ್ದಾಗಿರಲಿಲ್ಲ.

ಒಂದು ಮತದ ಬೆಲೆ

2004ರ ವಿಧಾನಸಭಾ ಚುನಾವಣೆಯಲ್ಲಿ ಈ ಸೀಮೆ ದೇಶದ ಗಮನ ಸೆಳೆಯಿತು. ಯಳಂದೂರನ್ನು ಒಳಗೊಂಡಿದ್ದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜನತಾದಳ (ಎಸ್)ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಮತ. ಸೋತ ಅಭ್ಯರ್ಥಿಯ ಕಾರು ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಜಿಲ್ಲೆಯಲ್ಲಿ ಇಂದಿಗೂ ಓಡಾಡುತ್ತಿದೆ.

ಕ್ಷೇತ್ರ ಮರುವಿಂಗಡಣೆಯಾದಾಗ 2008ರಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಗಿ ಯಳಂದೂರು ಕೊಳ್ಳೇಗಾಲಕ್ಕೆ ಸೇರಿತು. ಧ್ರುವನಾರಾಯಣ ಮುಂದೆ ಎರಡು ಸಲ ಲೋಕಸಭಾ ಸದಸ್ಯರಾದರು. 2019ರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಅವರು ಸೋತದ್ದು 1,817 ಮತಗಳಿಂದ. 2023ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ನಡೆದ ವಿಧಾನಸಭಾ ಚುನಾವಣೆಯಲ್ಲಿ ಕೃಷ್ಣಮೂರ್ತಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ದೊಡ್ಡ ಅಂತರದಲ್ಲಿ ಗೆದ್ದರು.

ಅಂತರ ಒಂದಾದಾಗ ಪ್ರತಿ ಗುರುತೂ ಪರೀಕ್ಷೆಗೆ ಒಳಗಾಗುತ್ತದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಹೀಗೆಯೇ ಒಂದು ಮತದಿಂದ ಸೋತರು. ಆ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಚರ್ಚೆಗೆ ಬಂದದ್ದು ಟೆಂಡರ್ ಮತ. ನೀವು ಮತಗಟ್ಟೆಗೆ ಹೋಗುವಷ್ಟರಲ್ಲಿ ಬೇರೆ ಯಾರೋ ನಿಮ್ಮ ಹೆಸರಿನಲ್ಲಿ ಮತ ಹಾಕಿದ್ದರೆ ನೀವು ಸುಮ್ಮನೆ ಹಿಂದಿರುಗಬೇಕಿಲ್ಲ. ನಿಮ್ಮ ಗುರುತಿನ ಬಗ್ಗೆ ಅಧ್ಯಕ್ಷಾಧಿಕಾರಿಗೆ ತೃಪ್ತಿಯಾದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಮತಯಂತ್ರದ ಈ ಕಾಲದಲ್ಲೂ ಈ ಅವಕಾಶ ಉಳಿದಿದೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಯಲ್ಲಿ ಅದು ಸೇರುವುದಿಲ್ಲ. ಆದರೆ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಅದಕ್ಕೆ ಬೆಲೆ ಬರಬಹುದು.

ಯಾವ ಕಾಗದ ನಡೆಯುತ್ತದೆ?

ಮತದಾರರ ಚೀಟಿ ಕಳೆದುಹೋಗಿದೆ, ಹಾಗಾಗಿ ಮತಗಟ್ಟೆಗೆ ಹೋಗಲಿಲ್ಲ ಎನ್ನುವವರನ್ನು ಪ್ರತಿ ಚುನಾವಣೆಯಲ್ಲೂ ಕಾಣುತ್ತೇವೆ. ಇದು ತಪ್ಪು ತಿಳಿವಳಿಕೆ. ಆ ಚೀಟಿ ಇಲ್ಲದವರು ತೋರಿಸಬಹುದಾದ ಬದಲಿ ದಾಖಲೆಗಳ ಪಟ್ಟಿಯನ್ನು ಆಯೋಗ ಪ್ರತಿ ಚುನಾವಣೆಗೂ ಪ್ರಕಟಿಸುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಂಥವು 12 ಇದ್ದವು. ಆಧಾರ್ ಕಾರ್ಡ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಕಾರ್ಮಿಕ ಸಚಿವಾಲಯದ ಯೋಜನೆಯ ಆರೋಗ್ಯ ವಿಮೆ ಕಾರ್ಡ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಸ್ಮಾರ್ಟ್ ಕಾರ್ಡ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಸರ್ಕಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ನೌಕರರ ಗುರುತಿನ ಚೀಟಿ, ಸಂಸದರು ಮತ್ತು ಶಾಸಕರ ಗುರುತಿನ ಚೀಟಿ, ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ವಿದೇಶದಲ್ಲಿದ್ದುಕೊಂಡೇ ಇಲ್ಲಿನ ಪಟ್ಟಿಯಲ್ಲಿ ಸಾಗರೋತ್ತರ ಮತದಾರರೆಂದು ಹೆಸರು ಬರೆಸಿದವರಿಗೆ ಮಾತ್ರ ಮೂಲ ಪಾಸ್‌ಪೋರ್ಟ್ ಒಂದೇ ದಾಖಲೆ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ಹಳ್ಳಿಯ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೈಗೆ ಸಿಗುವ ರೇಷನ್ ಕಾರ್ಡ್ ಅದರಲ್ಲಿ ಇರಲಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಗಳು ಮನೆಗೆ ತಂದುಕೊಡುವ ಮತದಾರರ ಚೀಟಿಯೂ ಗುರುತಿಗೆ ಸಾಲದು. ಭಾವಚಿತ್ರವಿದ್ದ ಆ ಚೀಟಿಯನ್ನೇ ಗುರುತೆಂದು ಒಪ್ಪುತ್ತಿದ್ದ ಕಾಲವೊಂದಿತ್ತು. ಅದರಲ್ಲಿ ಯಾವ ಭದ್ರತಾ ಗುರುತೂ ಇಲ್ಲವೆಂದು 2019ರ ಲೋಕಸಭಾ ಚುನಾವಣೆಗೆ ಮುನ್ನ ಆಯೋಗ ಅದನ್ನು ನಿಲ್ಲಿಸಿತು. ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟು, ಮತಗಟ್ಟೆ ಯಾವುದು ಎಂದು ತಿಳಿಯಲು ಮಾತ್ರ ಆ ಚೀಟಿ.

ಸಣ್ಣಪುಟ್ಟ ತಪ್ಪುಗಳಿಗೆ ಹೆದರಬೇಕಿಲ್ಲ. ಮಹದೇವಮ್ಮ ಎಂಬುದು ಮಾದೇವಮ್ಮ ಎಂದು ಅಚ್ಚಾಗಿದ್ದರೂ, ಚೀಟಿಯಿಂದ ಮತದಾರರ ಗುರುತು ಸ್ಪಷ್ಟವಾದರೆ ಅಂಥ ಕಾಗುಣಿತದ ದೋಷವನ್ನು ಕಡೆಗಣಿಸಬೇಕು ಎಂಬುದು ಆಯೋಗದ ಸೂಚನೆ. ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೆಯ ಚೀಟಿಯನ್ನೂ ಒಪ್ಪುತ್ತಾರೆ, ಈ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ. ಭಾವಚಿತ್ರ ತಾಳೆಯಾಗದಿದ್ದರೆ ಬದಲಿ ದಾಖಲೆಗಳಲ್ಲಿ ಒಂದನ್ನು ತೋರಿಸಬೇಕು.

ಇಂಗ್ಲೆಂಡಿನ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿ ಬಹುಕಾಲ ಮತದಾರ ಹೆಸರು, ವಿಳಾಸ ಹೇಳಿದರೆ ಸಾಕಿತ್ತು. ನಮ್ಮ 1952ರ ಪದ್ಧತಿಯಂತೆಯೇ. 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಅಲ್ಲೂ ಭಾವಚಿತ್ರದ ಗುರುತು ಕಡ್ಡಾಯವಾಯಿತು. ಅಲ್ಲಿನ ಪಟ್ಟಿಯಲ್ಲಿ ಹಿರಿಯ ನಾಗರಿಕರ ಬಸ್ ಪಾಸಿಗೆ ಜಾಗವಿದ್ದರೆ ನಮ್ಮ ಪಟ್ಟಿಯಲ್ಲಿ ಕೂಲಿಯವರ ಜಾಬ್ ಕಾರ್ಡಿಗೆ ಜಾಗವಿತ್ತು. ಆಯಾ ದೇಶದ ಸಾಮಾನ್ಯ ಜನರ ಜೇಬಿನಲ್ಲಿ ಏನಿರುತ್ತದೆ ಎಂಬುದನ್ನು ಇಂಥ ಪಟ್ಟಿ ತೋರಿಸುತ್ತದೆ. ಅದನ್ನು ತಯಾರಿಸುವವರು ಜನರ ಜೇಬನ್ನು ಸರಿಯಾಗಿ ನೋಡದಿದ್ದರೆ ಹೊರಗುಳಿಯುವವರು ಬಡವರೇ.

ಕಾಡಿನ ಅಂಚಿನಲ್ಲಿ

ಹೊರಗುಳಿಯುವ ಭಯ ಹೆಚ್ಚಿರುವುದು ಕಾಡಂಚಿನಲ್ಲಿ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಹಾಡಿಗಳಲ್ಲಿ ಇರುವ ಸೋಲಿಗರಿಗೆ ಚಾಲನಾ ಪರವಾನಗಿ, ಪ್ಯಾನ್ ಕಾರ್ಡುಗಳು ದೂರದ ಮಾತು. ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಹಕ್ಕಿಗೆ ಮನ್ನಣೆ ಸಿಕ್ಕಿದ್ದೇ 2011ರಲ್ಲಿ. ಇಂಥ ಕಡೆ ಮತದಾರರ ಚೀಟಿ, ಆಧಾರ್, ಜಾಬ್ ಕಾರ್ಡುಗಳ ಪೈಕಿ ಒಂದಾದರೂ ಸರಿಯಾಗಿರುವುದು ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಕಥೆ ಇನ್ನೊಂದು ಬಗೆಯದು. ಅವರ ಕೈಯಲ್ಲಿ ಭಾವಚಿತ್ರವಿರುವ ಸರ್ಕಾರಿ ದಾಖಲೆ ಇತ್ತು, ಆದರೆ ಅದು ನಿರಾಶ್ರಿತರ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ನಾಗರಿಕರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಟಿಬೆಟನ್ ಒಬ್ಬರ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಪಟ್ಟಿಗೆ ಸೇರಿಸಲು ಸೂಚಿಸಿತು. ಕೆಲವರು ಸೇರಿದರು. ನಿರಾಶ್ರಿತರೆಂಬ ನೆಲೆ ಬಿಟ್ಟುಕೊಡಲು ಮನಸ್ಸಿಲ್ಲದವರು ಹಿಂಜರಿದರು.

ಚೀಟಿ ತಲುಪಿದ ಕಡೆ ಉಳಿದದ್ದೆಲ್ಲವೂ ತಲುಪಿದೆ ಎಂದೇನೂ ಇಲ್ಲ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ ಗ್ರಾಮದಲ್ಲಿ ರಸ್ತೆಯಂಥ ಮೂಲ ಸೌಕರ್ಯಗಳಿಲ್ಲವೆಂದು ಮತದಾನ ಬಹಿಷ್ಕರಿಸಿದವರಿಗೂ ಮತ ಹಾಕಿಸಲು ಬಂದ ಅಧಿಕಾರಿಗಳಿಗೂ ಘರ್ಷಣೆಯಾಯಿತು. ಮತಗಟ್ಟೆ ಧ್ವಂಸವಾಗಿ ಮತಯಂತ್ರ ಪುಡಿಯಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆದರೂ ಮತ ಹಾಕಿದವರು ಕೆಲವರೇ. ಪಟ್ಟಿಯಲ್ಲಿ ಹೆಸರಿದ್ದೂ ಬಹುಪಾಲು ಜನ ದೂರ ಉಳಿದ ಮತಗಟ್ಟೆಯದು.

ಪಟ್ಟಿ ದೊಡ್ಡದು, ಚೀಟಿ ಸಣ್ಣದು

ಈ ಎಪ್ಪತ್ತು ವರ್ಷಗಳ ಕಥೆಯಿಂದ ಓದುಗರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಗುರುತಿನ ಚೀಟಿ ಮತದ ಹಕ್ಕಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಇಲ್ಲದಿದ್ದರೆ ಹತ್ತಾರು ದಾರಿಗಳಿವೆ. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಂದು ಯಾವ ದಾರಿಯೂ ಇಲ್ಲ. ಕೆಲಸಕ್ಕೆಂದು ಬೆಂಗಳೂರಿಗೋ, ತಮಿಳುನಾಡಿಗೋ ಹೋಗಿ ಹಬ್ಬಕ್ಕೆ, ವೋಟಿಗೆ ಊರಿಗೆ ಬರುವ ನಮ್ಮ ಕಡೆಯವರಿಗೆ ಇದು ಅನುಭವದ ಮಾತು. ಮನೆಗೆ ಬೀಗ ಕಂಡು ‘ಊರು ಬಿಟ್ಟಿದ್ದಾರೆ’ ಎಂದು ಯಾರಾದರೂ ಬರೆದುಕೊಂಡರೆ ಹೆಸರು ಹೋಗಬಹುದು. ಟ್ರಂಕಿನಲ್ಲಿರುವ ಚೀಟಿಗೆ ಅದು ಗೊತ್ತಾಗುವುದಿಲ್ಲ.

2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಆಗಸ್ಟ್ 1ರ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಸತ್ತವರು, ಊರು ಬಿಟ್ಟವರು, ಎರಡೆರಡು ಕಡೆ ಹೆಸರಿದ್ದವರು ಎಂಬುದು ಆಯೋಗದ ವಿವರಣೆ. ಹೊರಗುಳಿದವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಲು ಸುಪ್ರೀಂ ಕೋರ್ಟ್ ಹೇಳಿತು. ಆಧಾರನ್ನು ಗುರುತಿನ ದಾಖಲೆಯಾಗಿ ಒಪ್ಪಬೇಕು, ಆದರೆ ಅದು ಪೌರತ್ವಕ್ಕೆ ಸಾಕ್ಷಿಯಲ್ಲ ಎಂದು ಸೆಪ್ಟೆಂಬರಿನಲ್ಲಿ ತಿಳಿಸಿತು. 1952ರಲ್ಲಿ ಹೆಸರು ಹೇಳದ 28 ಲಕ್ಷ ಮಹಿಳೆಯರಂತೆ ಇಲ್ಲೂ ತೀರ್ಮಾನವಾದದ್ದು ಮತಗಟ್ಟೆಯಲ್ಲಲ್ಲ, ಅದಕ್ಕೆ ತಿಂಗಳುಗಳ ಮುಂಚೆ.

ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಕರಡು ಪಟ್ಟಿ ಪ್ರಕಟವಾದಾಗಲೇ ಅದರಲ್ಲಿ ಹೆಸರು ಹುಡುಕುವುದು ಒಳ್ಳೆಯದು. ಹೊಸ ಹೆಸರಿಗೆ ನಮೂನೆ 6; ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಚೀಟಿಯ ಬದಲಿಗೆ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿದವರಿಗಷ್ಟೇ ಇದ್ದ ಅವಕಾಶ 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಕ್ಕೆ 18 ತುಂಬುವವರಿಗೂ ವಿಸ್ತರಿಸಿದೆ. ಸಹಾಯವಾಣಿ ಸಂಖ್ಯೆ 1950. ತಾಲ್ಲೂಕು ಕಚೇರಿಯಲ್ಲೂ, ಊರಿನ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿಯೂ ಪಟ್ಟಿ ನೋಡಬಹುದು. ಹೆಸರಿನ ಜೊತೆಗೆ ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ಭಾವಚಿತ್ರಗಳೂ ಸರಿಯಿವೆಯೇ ನೋಡಿಕೊಳ್ಳಿ. ಒಂದೇ ಹೆಸರಿನ ಹತ್ತು ಜನರಿರುವ ನಮ್ಮ ಊರುಗಳಲ್ಲಿ ಬೇರೆ ಮಹದೇವಮ್ಮ ತೀರಿಕೊಂಡಾಗ ನಿಮ್ಮ ಮನೆಯ ಮಹದೇವಮ್ಮನ ಹೆಸರು ಅಳಿಸಿಹೋಗದಂತೆ ಕಾಯುವುದು ಇವೇ.